ಮುರಿದ ಕೈಗೂ ಸಾಕ್ಷಿ ಬೇಕಂತೆ

ಎಕ್ಸ್-ರೇ ಕವರನ್ನು ಬಸಣ್ಣ ಕಾಕಾ ಬಿಚ್ಚಿ ಕೂಡ ನೋಡಲಿಲ್ಲ. ಪಕ್ಕಕ್ಕೆ ಸರಿಸಿ ಚಹಾದ ಕಪ್ ಇಟ್ಟುಕೊಂಡರು.

ಹೋದ ವಾರದ ಮಾತು. ಕಾರಟಗಿಯಲ್ಲಿ ನನ್ನ ತಂಗಿ ಸವಿತಾಳ ಗಂಡನ ಮನೆಯಲ್ಲಿ ಹಿರಿಯರು ಕೂಡಿದ್ದರು. ಸವಿತಾಳ ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಕುಡಿದು ಬಂದ ಗಂಡ ತಿರುಚಿ ಮುರಿದ ಕೈ ಅದು.

ಗಂಡ ಮೂಲೆಯ ಕುರ್ಚಿಯಲ್ಲಿ ಮೊಬೈಲ್ ನೋಡುತ್ತಾ ಕೂತಿದ್ದ. ತನಗೂ ಈ ಪಂಚಾಯ್ತಿಗೂ ಸಂಬಂಧವೇ ಇಲ್ಲ ಅನ್ನುವಂತೆ...

"ಸಿಟ್ಟು ಒಂದೀಟು ಜಾಸ್ತಿ ಖರೆ. ಆದ್ರ ಹುಡುಗ ಭಾಳ ಛಲೋ ಅದಾನವಾ" ಅಂದರು ಕಾಕಾ.

ಬಸಣ್ಣ ಕಾಕಾ ನಮಗೆ ದೂರದ ಸಂಬಂಧಿ, ಅಲ್ಲೇ ಭತ್ತದ ವ್ಯಾಪಾರ. ಈ ಸಂಬಂಧ ತಂದವರೂ ಅವರೇ.

ಮದುವೆಗೆ ಮೊದಲು ನಮ್ಮ ಅಪ್ಪ ಕೊಪ್ಪಳದಿಂದ ಕಾರಟಗಿಗೆ ಹೋಗಿ ಹುಡುಗನ ಬಗ್ಗೆ ವಿಚಾರಿಸಿದ್ದರು. ಆವತ್ತೂ ಕಾಕಾ "ಭಾಳ ಛಲೋ ಅದಾನ್ರಿ, ಕಣ್ಣು ಮುಚ್ಚಿ ಕೊಡ್ರಿ" ಅಂದಿದ್ದರು. ಅಕ್ಕಪಕ್ಕದ ಮನೆಯವರದೂ ಅದೇ ಮಾತು.

ಛಲೋ ಅನ್ನುವುದು ಅವರ ಅನಿಸಿಕೆ. ಅವನ ಕುಡಿತದಿಂದಲೇ ಅದಕ್ಕೂ ಮೊದಲು ಒಂದು ನಿಶ್ಚಿತಾರ್ಥ ಮುರಿದಿತ್ತು ಅನ್ನುವುದು ನಡೆದ ಸಂಗತಿ. ಅದು ಇಡೀ ಓಣಿಗೆ ಗೊತ್ತಿತ್ತು. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ನನಗೆ ತಡೆಯಲಾಗಲಿಲ್ಲ.

"ಕಾಕಾ, ಛಲೋ ಅಂದ್ರ ಏನ್ರಿ? ಆಕಿ ಕೈ ಮುರದೈತಿ, ನೋಡ್ರಿ."

ಸವಿತಾಳ ಅತ್ತೆ ನಡುವೆ ಬಾಯಿ ಹಾಕಿದಳು. "ಬಚ್ಚಲದಾಗ ಜಾರಿ ಬಿದ್ದಾಳ. ಇವ ಮುರದಾನ ಅಂತ ಆಕಿ ಹೇಳ್ತಾಳ, ಅಷ್ಟ. ನೋಡಿದವ್ರು ಯಾರದಾರ?"

ಕಾಕಾ ತಲೆಯಾಡಿಸಿದರು. "ಖರೆ ಐತಲ್ಲವಾ. ಎಕ್ಸ್-ರೇದಾಗ ಕೈ ಮುರದಿದ್ದು ಕಾಣ್ತೈತಿ. ಯಾರು ಮುರದ್ರು ಅಂತ ಕಾಣ್ತೈತೇನು?"

ಎಷ್ಟು ಬುದ್ಧಿವಂತ ಪ್ರಶ್ನೆ ನೋಡಿ! ಇಂಥದ್ದೊಂದು ಪ್ರಶ್ನೆ ಸಂಬಂಧ ತರುವಾಗ ಅವರ ಬಾಯಿಗೆ ಬರಲಿಲ್ಲ.

ಸವಿತಾ ತಲೆ ಎತ್ತಿದಳು. ದನಿ ಕೂಡ ಏರಿಸಲಿಲ್ಲ.

"ಅತ್ತಿ, ನೀವು ಬಾಗಿಲದಾಗ ನಿಂತು ನೋಡಾಕತ್ತಿದ್ರಲ್ರಿ."

ಅತ್ತೆ ಸೆರಗು ಸರಿಮಾಡಿಕೊಂಡು, ಖಾಲಿ ಕಪ್‌ಗಳನ್ನು ಎತ್ತಿಕೊಂಡು ಒಳಗೆ ಹೋದಳು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಹೊರಗೆ ಬರಲೂ ಇಲ್ಲ.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಕಾಕಾ ತೀರ್ಪು ಕೊಟ್ಟರು.

"ಹೋಗ್ಲಿ ಬಿಡ್ರಿ. ಇಬ್ಬರದೂ ತಪ್ಪೈತಿ. ಹೊಂದ್ಕೊಂಡು ಹೋಗ್ಬೇಕು."

ಇವಳ ತಪ್ಪು ಯಾವುದು ಅಂತ ಕೇಳಿದೆ. ಕಾಕಾ ಎಕ್ಸ್-ರೇ ಕವರನ್ನು ನನ್ನ ಕಡೆಗೆ ಸರಿಸಿದರು.

ಸವಿತಾ ಎದ್ದಳು. "ಅಕ್ಕಾ, ನಡಿ ಹೋಗೂಣು" ಅಂದಳು. ಎಡಗೈಯಲ್ಲಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಒದ್ದಾಡುತ್ತಿದ್ದಳು. ನಾನೇ ಬಗ್ಗಿ ಹಾಕಿದೆ. ಗಂಡ ಆಗಲೂ ಮೊಬೈಲಿನಿಂದ ತಲೆ ಎತ್ತಲಿಲ್ಲ.

ಈಗ ಅವಳು ಕೊಪ್ಪಳದಲ್ಲಿ ನಮ್ಮ ಜೊತೆ ಇದ್ದಾಳೆ. ದೂರು ಕೊಟ್ಟಿದ್ದೇವೆ. ಮುಂದೆ ಏನಾಗುತ್ತದೋ ಗೊತ್ತಿಲ್ಲ.

ನಿನ್ನೆ ನಮ್ಮ ಓಣಿಯ ಹೆಂಗಸೊಬ್ಬಳು ಬಂದು ನನ್ನ ಕಿವಿಯಲ್ಲಿ ಕೇಳಿದಳು. "ನಿನ್ನ ತಂಗಿಗೆ ಬಾಯಿ ಜೋರಂತ? ಅದಕ್ಕ ಹಿಂಗಾತಂತ?"

ಯಾರು ಹೇಳಿದರು ಅಂದೆ.

"ಎಲ್ಲಾರೂ ಅಂತಾರವಾ..."

ಆ ಮಾತಿಗೆ ಮಾತ್ರ ಯಾರಿಗೂ ಸಾಕ್ಷಿ ಬೇಕಿಲ್ಲ.

ನಾಳೆ ನಿಮ್ಮ ಓಣಿಯ ಹುಡುಗನ ಬಗ್ಗೆ ವಿಚಾರಿಸಲು ಯಾವುದೋ ಊರಿನ ಅಪ್ಪನೊಬ್ಬ ನಿಮ್ಮ ಬಾಗಿಲಿಗೆ ಬಂದರೆ, ಕಣ್ಣಾರೆ ಕಂಡದ್ದನ್ನು ಹೇಳುತ್ತೀರಾ, ಇಲ್ಲ ಚಹಾ ಕುಡಿಸಿ ಕಳಿಸುತ್ತೀರಾ?