ತಗಡಿನ ಕೆಳಗಿನ ಬಾಟಲಿ

ನನ್ನ ತಂಗಿಯ ಇನ್ಸುಲಿನ್ ಬಾಟಲಿಗೆ ನಮ್ಮ ಮನೆಯೊಳಗೆ ಜಾಗವಿರಲಿಲ್ಲ. ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಸಿಟ್ಟಿನಲ್ಲಿ ನೆನಪಿಸಿಕೊಂಡದ್ದು ಇದ್ದುದಕ್ಕಿಂತ ತುಸು ದೊಡ್ಡದಾಗಿ ಕಾಣುತ್ತದೆ ಎಂಬುದೂ ನನಗೆ ಗೊತ್ತು. ಆದ್ದರಿಂದ ಖಾತ್ರಿಯಿರುವುದನ್ನೂ ಇಲ್ಲದ್ದನ್ನೂ ಬೇರೆ ಬೇರೆ ಮಾಡಿ ಹೇಳಲು ನೋಡುತ್ತೇನೆ.

ಖಾತ್ರಿಯಿರುವುದು ಇದು. ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದ ನಾನು ರಜೆಗೆಂದು ಸಿಂದಗಿಗೆ ಬಂದಿದ್ದೆ. ಅಪ್ಪ ಅಲ್ಲಿ ಹೈಸ್ಕೂಲ್ ಮಾಸ್ತರ. ಅವ್ವ ತೀರಿಕೊಂಡ ಮೇಲೆ ಮನೆ ನಡೆಸುತ್ತಿದ್ದವಳು ಅಪ್ಪನ ಅಕ್ಕ, ನಮ್ಮ ಅತ್ಯಾ. ತಂಗಿಗೆ ಸಕ್ಕರೆ ಕಾಯಿಲೆ ಎಂದು ಹಿಂದಿನ ದೀಪಾವಳಿಯ ಹೊತ್ತಿಗೆ ವಿಜಾಪುರದ ದೊಡ್ಡ ಡಾಕ್ಟರು ಹೇಳಿದ್ದರು. ದಿನಾ ಬೆಳಿಗ್ಗೆ ಇನ್ಸುಲಿನ್ ಸೂಜಿ ಚುಚ್ಚಲೇಬೇಕು, ಬಾಟಲಿಯನ್ನು ತಂಪಿನಲ್ಲೇ ಇಡಬೇಕು ಎಂದೂ ಹೇಳಿದ್ದರು.

ಕೈಗೆ ಸಿಕ್ಕ ಮುದ್ರಿತ ಕಾಗದವನ್ನೆಲ್ಲ ಗಟ್ಟಿಯಾಗಿ ಓದುವುದು ಅಪ್ಪನ ಅಭ್ಯಾಸ. ಡಬ್ಬಿಯೊಳಗಿನ ಚೀಟಿಯನ್ನೂ ಹಾಗೆಯೇ ಓದಿ, ಕನ್ನಡದಲ್ಲಿ ಅರ್ಥ ಬೇರೆ ಹೇಳಿದನಂತೆ: ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆದದ್ದು. ಅಲ್ಲಿಗೆ ಮುಗಿಯಿತು. ನಮ್ಮದು ಮಡಿ ಮನೆ. ಮಣ್ಣಿನ ಮಾಳಿಗೆಯ ಕೆಳಗೆ, ಒದ್ದೆ ಮರಳಿನ ಮೇಲೆ ತಾಮ್ರದ ಕೊಡಗಳಿದ್ದ ಅಡುಗೆಮನೆಯ ಮೂಲೆಗಿಂತ ತಂಪಾದ ಜಾಗ ಆ ಮನೆಯಲ್ಲಿ ಇನ್ನೊಂದಿರಲಿಲ್ಲ. ಬಾಟಲಿ ಅಲ್ಲಿಗೆ ಬರುವಂತಿಲ್ಲ. ಅದು ಹೋಗಿ ಕುಳಿತದ್ದು ಮುಂಗಟ್ಟೆಯ ತಗಡಿನ ಕೆಳಗೆ, ಚಪ್ಪಲಿಗಳ ಮೇಲಿದ್ದ ಗೂಡಿನಲ್ಲಿ. ಮಧ್ಯಾಹ್ನ ಆ ಗೋಡೆಗೆ ಕೈ ಇಟ್ಟರೆ ಸುಡುತ್ತಿತ್ತು.

ಅದೇ ಔಷಧ ಹುಡುಗಿಯ ಮೈಯೊಳಗೆ ಹೋಗಬಹುದಿತ್ತು, ಅಡುಗೆಮನೆಯೊಳಗೆ ಬರಬಾರದಿತ್ತು. ಸೂಜಿ ಮಾಡಿಸಿಕೊಂಡವಳು ಕೊಡಗಳನ್ನು ಮುಟ್ಟುವಂತಿರಲಿಲ್ಲ. ಆ ಕಾಯಿಲೆಯ ಮೊದಲ ಗುರುತೇ ಬಾಯಾರಿಕೆ. ನಾನು ಬಂದಾಗ ತಂಗಿಯ ಲಂಗ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಹೊಸ್ತಿಲ ಆಚೆ ಲೋಟ ಹಿಡಿದು ನಿಂತು, "ಅತ್ಯಾ, ನೀರು," ಎನ್ನುತ್ತಿದ್ದಳು. ಅತ್ಯಾ ಮೇಲಿನಿಂದ ಹೊಯ್ಯುತ್ತಿದ್ದಳು.

"ಈಗ ಕುಡದೆಲ್ಲ?"

"ಮತ್ತ ಬೇಕು."

"ಹೊಟ್ಟ್ಯಾಗ ಬಾವಿ ತೋಡೀ ಏನು?"

ದಿನಾ ಸೂಜಿ ಹಾಕಲು ಬರುತ್ತಿದ್ದ ಕಂಪೌಂಡರ್ ಅಪ್ಪನಿಗೆ ಹೇಳಿದ: "ಮಾಸ್ತರ್ರೀ, ಈ ಮೈಗೆ ಸೂಜಿ ರೂಢಿ ಆಗಿಬಿಟ್ಟೈತ್ರಿ. ಇನ್ನ ನಾಟಂಗಿಲ್ಲ." ಅತ್ಯಾ ಅದನ್ನೇ ಕಾಯುತ್ತಿದ್ದಳೋ ಏನೋ. ಇಂಡಿ ಊರಿನಲ್ಲಿ ಒಬ್ಬ ಬೇರಿನ ಔಷಧ ಕೊಡುತ್ತಾನೆ, ಸೋಮವಾರದಿಂದ ಸೂಜಿ ಬಂದ್, ಎಂದು ತೀರ್ಮಾನಿಸಿದಳು. ಅಪ್ಪ ಇಲ್ಲ ಎನ್ನಲಿಲ್ಲ. ಸೂಜಿ ನಿಂತರೆ ತಂಗಿ ಉಳಿಯುವುದಿಲ್ಲ ಎಂಬುದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ನಾನು ಬಾಟಲಿಯನ್ನು ಬೆಳಕಿಗೆ ಹಿಡಿದೆ. ಅಲ್ಲಾಡಿಸಿದರೆ ಸಮನಾಗಿ ಬೆಳ್ಳಗಾಗಬೇಕಿದ್ದ ದ್ರವದಲ್ಲಿ ಗರಣೆಗಳು ತೇಲುತ್ತಿದ್ದವು, ಕೆಲವು ಗಾಜಿಗೆ ಅಂಟಿದ್ದವು. "ಅಪ್ಪಾ, ಹಾಲು ಒಡದಂಗ ಒಡದದ ಇದು. ಆಕಿ ಮೈಗೆ ಏನೂ ಆಗಿಲ್ಲ. ಔಷಧಾನ ಸತ್ತದ," ಎಂದೆ.

ಆಮೇಲೆ ಅತ್ಯಾಗೂ ತಿಳಿಯಲೆಂದು ಪಾಠಕ್ಕೆ ಕುಳಿತೆ. ಇನ್ಸುಲಿನ್ ಕೋಶದೊಳಗೆ ಹೋಗಿ ಕೆಲಸ ಮಾಡುವುದಿಲ್ಲ. ಕೋಶದ ಹೊರಪೊರೆಯಲ್ಲಿ ಅದರ ಆಕಾರವನ್ನೇ ಗುರುತಿಸುವ ಗ್ರಾಹಕವಿದೆ, ಅದಕ್ಕೆ ಹೋಗಿ ಕೂರುತ್ತದೆ. ಸುದ್ದಿಯಷ್ಟೇ ಒಳಗೆ ಮುಟ್ಟುತ್ತದೆ, ಆಗ ಕೋಶ ಸಕ್ಕರೆಗೆ ದಾರಿ ಬಿಡುತ್ತದೆ. ಆ ಸುದ್ದಿ ಹೇಗೆ ಮುಟ್ಟುತ್ತದೆ ಎಂಬುದು ಇನ್ನೂ ಯಾರಿಗೂ ಸರಿಯಾಗಿ ತಿಳಿದಿಲ್ಲ ಎಂದು ನಮ್ಮ ಪ್ರೊಫೆಸರರು ಹೇಳಿದ್ದರು. ಇದನ್ನೆಲ್ಲ ನಾನು ಹೀಗೆ ಹೇಳಿದೆ:

"ಬೀಗರು ಬಂದು ಹೊರಗಿಂದ ಕರೀತಾರ, ಅತ್ಯಾ. ಒಳಗಿದ್ದವರು ದನಿ ಗುರ್ತು ಹಿಡದು ಅಗಳಿ ತಗೀತಾರ. ಬಿಸಲಿಗೆ ದನೀನ ಕೆಟ್ಟುಹೋದ್ರ ಯಾರು ತಗೀಬೇಕು? ರಕ್ತದಾಗ ಸಕ್ಕರಿ ಇರ್ತದ, ಮೈ ಉಪವಾಸ ಬೀಳ್ತದ."

ಅತ್ಯಾ ಬತ್ತಿ ಹೊಸೆಯುತ್ತಿದ್ದಳು. "ಹೊರಗ ನಿಂತು ಕರದ್ರ ಸಾಕಂದಿ ಹೌದಿಲ್ಲೋ? ಮತ್ತ ಹೊರಗ ಇರ್ಲಿ ಬಿಡು."

ಅಪ್ಪ ನಕ್ಕ. ಆ ನಗು ನನ್ನ ಸಿಟ್ಟಿನ ತಳದಲ್ಲಿ ಇನ್ನೂ ಕೂತಿದೆ. ರೇಖಾಗಣಿತ ಕಲಿಸುವ ಮನುಷ್ಯ. ಒಂದೊಂದು ಹೆಜ್ಜೆಗೂ ಕಾರಣ ಕೊಡದಿದ್ದರೆ ಹುಡುಗರ ಕಿವಿ ಹಿಂಡುತ್ತಿದ್ದವನು. ತನ್ನ ಅಕ್ಕನಿಗೆ ಒಂದು ಕಾರಣವನ್ನೂ ಕೇಳಲಿಲ್ಲ. ಹಾಲಿನ ಮಾತು ಮಾತ್ರ ಅವನಿಗೆ ನಾಟಿತ್ತೆಂದು ಕಾಣುತ್ತದೆ. ಮರುದಿನ ಬಸ್ಸಿನಲ್ಲಿ ವಿಜಾಪುರಕ್ಕೆ ಹೋಗಿ, ಥರ್ಮಾಸಿನಲ್ಲಿ ಐಸ್ ತುಂಬಿಸಿ ಹೊಸ ಬಾಟಲಿ ತಂದ. ತಂದವನು ಎಲ್ಲಿಟ್ಟ? ತಗಡಿನ ಕೆಳಗೆ, ಅದೇ ಗೂಡಿನಲ್ಲಿ. "ಅಲ್ಲ್ಯಾಕಿಟ್ಟೆ?" ಎಂದರೆ, "ಅಕ್ಕನ್ನ ಕೇಳು," ಎಂದ.

ಮುಂದಿನದರಲ್ಲಿ ನನಗೆ ಪೂರ್ತಿ ಖಾತ್ರಿಯಿಲ್ಲ. ನನ್ನ ನೆನಪಿನಲ್ಲಿ, ನಾನು ಅಪ್ಪನೊಡನೆ ಜಗಳವಾಡುತ್ತಿರುವಾಗಲೇ ತಂಗಿ ಬಾಟಲಿಯನ್ನು ಎತ್ತಿಕೊಂಡು ಹೊಸ್ತಿಲು ದಾಟಿದಳು. ತಂಗಿಯನ್ನು ಕೇಳಿದರೆ, "ನೀನ ಕಣ್ಣು ಸನ್ನಿ ಮಾಡಿದ್ದಿ," ಎನ್ನುತ್ತಾಳೆ. ಮಾಡಿದ್ದರೆ ಒಳ್ಳೆಯದೇ. ಆದರೆ ಅವಳು ನನ್ನನ್ನು ಮೆಚ್ಚಿಸಲು ಹಾಗೆ ಹೇಳುತ್ತಿರಬಹುದು. ಒದ್ದೆ ಬಟ್ಟೆ ಸುತ್ತಿ, ಮರಳನ್ನು ಬೆರಳಿನಿಂದ ತೋಡಿ, ಎರಡು ಕೊಡಗಳ ನಡುವೆ ಬಾಟಲಿಯನ್ನು ನಿಲ್ಲಿಸಿದಳು. ಆಮೇಲೆ ಲೋಟವನ್ನು ನೇರ ಕೊಡಕ್ಕೇ ಅದ್ದಿ ಕುಡಿದಳು. ಮತ್ತೊಮ್ಮೆ ಅದ್ದಿದಳು.

ಅತ್ಯಾ ಕೂಗಲಿಲ್ಲ. "ಈಗ ಈ ನೀರು ಯಾರು ಕುಡೀಬೇಕು?" ಎಂದಳು.

"ನಾ ಕುಡೀತೀನಿ, ಅತ್ಯಾ. ಎಲ್ಲಾ ನಾನ ಕುಡೀತೀನಿ."

ಅದು ಎದುರುತ್ತರವಾಗಿರಲಿಲ್ಲ. ಅವಳಿಗೆ ನಿಜವಾಗಿಯೂ ಅಷ್ಟು ಬಾಯಾರಿಕೆಯಿತ್ತು. ಅಪ್ಪನ ಮುಖ ಆಗ ಹೇಗಿತ್ತು ಎಂದು ಹೇಳಬಲ್ಲೆ, ಆದರೆ ಅದು ನಾನು ಆಮೇಲೆ ಹಚ್ಚಿದ ಬಣ್ಣವಿರಬಹುದು. ಅವನು ಆಡಿದ ಮಾತು ಮಾತ್ರ ತಂಗಿಗೂ ನೆನಪಿದೆ: "ಅಕ್ಕಾ, ಅದು ಅಲ್ಲೇ ಇರ್ಲಿ." ಎಷ್ಟೋ ತಿಂಗಳ ಮೊದಲೇ ಆಡಬಹುದಾಗಿದ್ದ ಮಾತು.

ಅತ್ಯಾ ತನ್ನದೊಂದು ಕೊಡವನ್ನು ಬಾವಿಗೊಯ್ದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ನೀರು ಸೇದಿ ತಂದು ದೇವರ ಕೋಣೆಯಲ್ಲಿಟ್ಟುಕೊಂಡಳು. ಅಲ್ಲಿ ಸೆಕೆ. ಆ ಬೇಸಿಗೆಯೆಲ್ಲ ಬೆಚ್ಚಗಿನ ನೀರನ್ನೇ ಕುಡಿದಳು. ತಾನು ತಪ್ಪಿದೆ ಎಂದು ಒಮ್ಮೆಯೂ ಹೇಳಲಿಲ್ಲ. ಸೋಮವಾರ ಬಂತು, ಇಂಡಿಗೆ ಯಾರೂ ಹೋಗಲಿಲ್ಲ, ಸೂಜಿ ನಿಲ್ಲಲಿಲ್ಲ.

ಸಾಲೆ ಮತ್ತೆ ಶುರುವಾದ ಮೇಲೆ ಒಂದು ದಿನ ಸಂಜೆ ಅಡುಗೆಮನೆಯಿಂದ ಅತ್ಯಾಳ ಗೊಣಗಾಟ ಕೇಳಿಸಿತು. "ಅರ್ಧಾ ಕುಡದು ಅರ್ಧಾ ಬಿಟ್ಟಾಳ ನೋಡು. ಬಾವಿ ನೀರೇನು ಪುಕ್ಕಟ ಬರ್ತದ?"

ಹೋಗಿ ನೋಡಿದೆ. ತಂಗಿಯ ಲೋಟದಲ್ಲಿ ನೀರು ಉಳಿದಿತ್ತು, ನಾನು ಬಂದಂದಿನಿಂದ ಅದೇ ಮೊದಲ ಸಲ. ಅತ್ಯಾಳ ಮೇಲೆ ಮತ್ತೆ ಸಿಟ್ಟು ಬಂತು. ಲೋಟವನ್ನು ತೊಳೆಯದೆ ಹಾಗೆಯೇ ಕಟ್ಟೆಯ ಮೇಲಿಟ್ಟು, ಅಪ್ಪ ಸಾಲೆಯಿಂದ ಬಂದು ನೋಡಲಿ ಎಂದು ಕಾಯುತ್ತ ಕುಳಿತೆ.