ಉಪ್ಪು ಹೇಳುವ ಎಲೆ

ರಬ್ಬರು ಸುಟ್ಟ ವಾಸನೆ ಬಂದರೆ ನನ್ನ ಬಾಯಲ್ಲಿ ನೀರೂರುತ್ತದೆ. ಹೇಳಿಕೊಳ್ಳುವಂಥ ಸಂಗತಿಯಲ್ಲ, ನನಗೂ ಗೊತ್ತು. ಹೋದ ವಾರ ಸಿದ್ದಾಪುರದಲ್ಲಿ ಒಂದು ಉಪನಯನಕ್ಕೆಂದು ದಾಂಡೇಲಿಯಿಂದ ಹೊರಟಿದ್ದೆ. ಬಸ್ಸು ಯಲ್ಲಾಪುರದಲ್ಲಿ ಹತ್ತು ನಿಮಿಷ ನಿಂತಿತು. ರಸ್ತೆಯಾಚೆ ಯಾರೋ ಲಾರಿಯ ಟ್ಯೂಬಿಗೆ ತೇಪೆ ಹಾಕುತ್ತಿದ್ದರು. ಹೊಗೆ ಕಿಟಕಿಯಿಂದ ಒಳಗೆ ಬಂತು. ನಾನು ಗುಟುಕ್ಕೆಂದು ಉಗುಳು ನುಂಗಿದೆ. ಪಕ್ಕದ ಸೀಟಿನ ಹೆಂಗಸು ಅದನ್ನು ನೋಡಿ, "ವಾಂತಿ ಬರ್ತದಾ?" ಎಂದು ಕೇಳಿ ಚೀಲದಿಂದ ಒಂದು ಲಿಂಬೆಹಣ್ಣು ತೆಗೆದು ಕೊಟ್ಟಳು. ಅವಳಿಗೆ ವಿವರಿಸುವುದು ಕಷ್ಟವಾಗಿ ಸಿರ್ಸಿಯವರೆಗೂ ಲಿಂಬೆಹಣ್ಣು ಮೂಸುತ್ತ ಕೂತೆ. ನೀವಾದರೆ ನಡುವೆ ಎಲ್ಲೂ ಇಳಿಯುವವರಲ್ಲ, ನಿಮಗೆ ಹೇಳಬಹುದು.

ತೊಂಬತ್ತರ ದಶಕದಲ್ಲಿ ನಾನು ಯಲ್ಲಾಪುರದ ಒಂದು ಶಾಲೆಯಲ್ಲಿ ಅಕ್ಕೋರಾಗಿದ್ದೆ. ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರೇ, ವಯಸ್ಸು ಇಪ್ಪತ್ತೈದಾಗಿದ್ದರೂ. ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟೋವು. ವಾರದಲ್ಲಿ ಆರು ದಿನ ನಾನೇ ಬೇಯಿಸಿಕೊಳ್ಳುತ್ತಿದ್ದೆ, ಆದ್ದರಿಂದ ಏಳನೆಯ ದಿನಕ್ಕಾಗಿ ಬಹಳ ಕಾಯುತ್ತಿದ್ದೆ. ಆದಿತ್ಯವಾರ ಮಧ್ಯಾಹ್ನ ಮಾತ್ರ ಶಿವರಾಮ ಭಟ್ಟರ ಊಟದ ಮನೆ ತೆರೆಯುತ್ತಿತ್ತು.

ಭಟ್ಟರು ಸಿರ್ಸಿ-ಸಿದ್ದಾಪುರದ ಮದುವೆಗಳಲ್ಲಿ ಸಾವಿರ ಎಲೆಗೆ ಅಡಿಗೆ ಮಾಡಿ ಬೆನ್ನು ಹಾಳುಮಾಡಿಕೊಂಡವರು. ಇನ್ನು ಹಂಡೆ ಎತ್ತಬಾರದೆಂದು ವೈದ್ಯರು ಹೇಳಿದ ಮೇಲೆ, ಎತ್ತಲು ಬರುವಷ್ಟು ಚಿಕ್ಕ ಪಾತ್ರೆಗಳನ್ನು ತಂದು, ಲಾರಿ ಓಡಾಡುವ ರಸ್ತೆಯಲ್ಲಿ ಒಂದು ಕೋಣೆ ಹಿಡಿದರು. ಪಕ್ಕದ್ದು ಗಫೂರ್ ಸಾಹೇಬರ ಟಯರ್ ಅಂಗಡಿ. ಹಾಗಾಗಿ ಭಟ್ಟರ ಅಡಿಗೆಯ ಘಮ ನಮಗೆ ಬರುತ್ತಿದ್ದದ್ದು ಯಾವಾಗಲೂ ಸ್ವಲ್ಪ ರಬ್ಬರಿನ ಜೊತೆಗೇ.

ಏಳು ಮಣೆ, ಏಳು ಎಲೆ. ಎಂಟನೆಯವರು ಬಂದರೆ ಮುಂದಿನ ವಾರ. ಏನುಂಟು ಎಂದು ಕೇಳುವ ಹಾಗಿಲ್ಲ. ಒಂಬತ್ತು ಬಗೆ, ಒಂದಾದ ಮೇಲೆ ಒಂದು. ಮೊದಲು ತಂಬುಳಿ, ಒಂದು ಸೌಟು. ಜೊತೆಗೆ ಒಂದು ಹಿಡಿ ಅನ್ನ. ಏಳೂ ಜನ ಮುಗಿಸಿದ ಮೇಲೆಯೇ ಮೊಸರು ಬೆರೆಸಿದ ಹಸಿ, ಆಮೇಲೆ ಪಲ್ಯ, ಗೊಜ್ಜು, ಸಾರು, ಹುಳಿ, ಕುಡಿಯಲಿಕ್ಕೆ ಮಾವಿನಕಾಯಿಯ ಅಪ್ಪೆಹುಳಿ, ಸಿಹಿ, ಕೊನೆಗೆ ಮಜ್ಜಿಗೆ. ಮದುವೆಯ ಎಲೆಯಲ್ಲಿ ಎಲ್ಲವೂ ಹರಿದು ಒಂದಕ್ಕೊಂದು ಸೇರುವುದನ್ನು ನಲವತ್ತು ವರ್ಷ ನೋಡಿ ಭಟ್ಟರಿಗೆ ರೋಸಿಹೋಗಿತ್ತು. "ಒಂದರ ರುಚಿ ಇನ್ನೊಂದಕ್ಕೆ ತಾಗ್ಲಾಗ," ಎನ್ನುತ್ತಿದ್ದರು. ಯಾವ ಬಗೆಯನ್ನೂ ಎರಡನೇ ಸಲ ಕೇಳುವಂತಿಲ್ಲ. ಅನ್ನ ಮಾತ್ರ ಕೇಳಬಹುದು.

ಗಫೂರ್ ಸಾಹೇಬರು ಮೊದಲ ದಿನ ತಂಬುಳಿಯ ಸೌಟು ನೋಡಿ, "ಭಟ್ರೇ, ಇದು ಊಟನಾ, ಊಟದ ಫೋಟೋನಾ?" ಎಂದು ಕೇಳಿದ್ದರು. ಭಟ್ಟರು, "ಫೋಟೋ ಮುಗದ್ ಮೇಲೆ ಮಾತಾಡು," ಎಂದರು. ಮುಗಿದ ಮೇಲೆ ಸಾಹೇಬರು ಮಾತಾಡಲಿಲ್ಲ. ಮುಂದಿನ ವಾರವೂ ಬಂದರು. ಅವರಿಗೆ ಸಕ್ಕರೆ ಕಾಯಿಲೆ, ಕಮ್ಮಿ ತಿನ್ನಲು ಡಾಕ್ಟರು ಹೇಳಿದ್ದರು. ಭಟ್ಟರಲ್ಲಿ ಉಂಡರೆ ಕಮ್ಮಿ ತಿನ್ನದೆ ಬೇರೆ ದಾರಿಯೇ ಇರಲಿಲ್ಲ.

ಇನ್ನು ನನ್ನ ಎಲೆಯ ವಿಷಯ. ಭಟ್ಟರು ಅಡಿಗೆಯನ್ನು ನಾಲಿಗೆಗೆ ಹಚ್ಚಿ ನೋಡುವವರಲ್ಲ. ಮೊದಲು ದೇವರಿಗೆ ನೈವೇದ್ಯ, ಅದಕ್ಕೆ ಮುಂಚೆ ಬಾಯಿಗೆ ಸೋಕಿಸಬಾರದು. ಮದುವೆ ಮನೆಯಲ್ಲೂ ಕುದಿಯ ವಾಸನೆಯ ಮೇಲೆಯೇ ಉಪ್ಪು ಹಾಕುತ್ತಿದ್ದವರು. ನೈವೇದ್ಯ ಮುಗಿದ ಮೇಲೆ ಮೊದಲ ಎಲೆಯವರನ್ನು ಕೇಳುವುದು, ಕಮ್ಮಿಯಾಗಿದ್ದರೆ ಸರಿ ಮಾಡಿ ಉಳಿದವರಿಗೆ ಬಡಿಸುವುದು. ಬೇರೆ ಕೆಲಸವಿಲ್ಲದ್ದರಿಂದ ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತಿದ್ದವಳು ನಾನು. ಒಂದು ದಿನ ಯೋಚನೆಯಿಲ್ಲದೆ, "ಸಾರಿಗೆ ಒಂದು ಹರಳು ಕಮ್ಮಿ," ಎಂದುಬಿಟ್ಟೆ. ನಮ್ಮ ಕಡೆ ಉಂಡ ಮನೆಯಲ್ಲಿ ಹಾಗೆ ಹೇಳುವವರಿಲ್ಲ. ಎಲೆಯ ತುದಿಗೆ ಬಡಿಸಿದ ಉಪ್ಪನ್ನು ಸದ್ದಿಲ್ಲದೆ ಬೆರೆಸಿಕೊಳ್ಳುತ್ತಾರೆ. ಭಟ್ಟರು ಮಾತ್ರ ಖುಷಿಯಾಗಿ, "ಈ ಕೂಸಿಗೆ ನಾಲಿಗೆ ಇದ್ದು," ಎಂದರು. ಅಂದಿನಿಂದ ಬಾಗಿಲ ಪಕ್ಕದ ಎಲೆ ನನ್ನದು. ಎರಡು ವರ್ಷ ನಾನು ಸರಿಯಾಗಿಯೇ ಹೇಳಿದೆ. ಹೆಚ್ಚು ಹೇಳುವುದೇನೂ ಇರುತ್ತಿರಲಿಲ್ಲ. ಅವರ ಕೈ ತಪ್ಪುತ್ತಿರಲಿಲ್ಲ.

ಮೂರನೆಯ ಮಳೆಗಾಲದಲ್ಲಿ ಭಟ್ಟರಿಗೆ ಜ್ವರ ಬಂದು ತಿಂಗಳು ಮಲಗಿದರು. ಎದ್ದು ಮತ್ತೆ ಬಾಗಿಲು ತೆರೆದ ದಿನ, ಉಳಿದವರು ಬರುವ ಮೊದಲು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ತಂಗೀ, ಜ್ವರ ಬಂದ್ ಮೇಲೆ ಎಂಗೆ ವಾಸನೆ ಗೊತ್ತಾಗ್ತಿಲ್ಲೆ. ನಾಲಿಗೆಯೂ ಸತ್ತೋಜು. ಎಂತ ತಿಂದ್ರೂ ಮಣ್ಣು. ಇನ್ನು ನೀ ಹೇಳಿದ್ದೇ ಲೆಕ್ಕ. ಯಾರ ಹತ್ರವೂ ಹೇಳಡ."

ಆ ದಿನ ಏಳೂ ಎಲೆ ತುಂಬಿದ್ದವು. ಭಟ್ಟರು ಮತ್ತೆ ಶುರು ಮಾಡಿದ್ದಾರೆಂದು ಹುಬ್ಬಳ್ಳಿಯಿಂದಲೂ ಒಬ್ಬರು ಬಂದಿದ್ದರು. ಸಾರು ನನ್ನ ಎಲೆಗೆ ಬಿತ್ತು. ಬಾಯಿಗಿಟ್ಟೆ. ಉಪ್ಪು ಎರಡು ಸಲ ಬಿದ್ದ ಹಾಗಿತ್ತು. ಭಟ್ಟರು ಸೌಟು ಹಿಡಿದು ನಿಂತಿದ್ದರು. ಆರು ಜನ ನನ್ನ ಮುಖ ನೋಡುತ್ತಿದ್ದರು.

"ಹದಾ ಇದ್ದು," ಎಂದೆ.

ಒಂದು ದಿನದ ಮಟ್ಟಿಗೆ, ಜ್ವರದಿಂದ ಎದ್ದವರಿಗೆ ನೋವಾಗಬಾರದೆಂದು ಹೇಳಿದ ಮಾತು ಅದು. ಮುಂದಿನ ವಾರ ನಿಜ ಹೇಳೋಣ ಅಂದುಕೊಂಡಿದ್ದೆ. ಆದರೆ ಭಟ್ಟರು ಆ ದಿನದ ಅಳತೆಯನ್ನು ಗಟ್ಟಿ ಮಾಡಿಕೊಂಡರು. ಹದವಾಗಿದೆ ಎಂದು ನಾನೇ ಹೇಳಿದ್ದೆನಲ್ಲ, ಮುಂದಿನ ವಾರವೂ ಅಷ್ಟೇ ಹರಳು. ಈಗ ಹೆಚ್ಚಾಗಿದೆ ಎಂದರೆ ಹೋದ ವಾರ ಸುಳ್ಳು ಹೇಳಿದೆ ಎಂದಾಗುತ್ತದೆ. ಶಾಲೆಯಲ್ಲಿ ಸುಳ್ಳು ಹೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ನಾನು. ಆದಿತ್ಯವಾರ ಮಾತ್ರ ಹದವಾಗಿದೆ ಎನ್ನುತ್ತ ಹೋದೆ.

ಉಳಿದವರೂ ಮರ್ಯಾದಸ್ಥರೇ. ಉಪ್ಪು ಕಮ್ಮಿಯಾದರೆ ಎಲೆಯ ತುದಿಯಲ್ಲಿ ದಾರಿಯಿದೆ. ಹೆಚ್ಚಾದರೆ ಏನು ಮಾಡುವುದು? ಅನ್ನ ಕೇಳುವುದು. ಒಬ್ಬರಾದ ಮೇಲೆ ಒಬ್ಬರು ಅನ್ನ ಕೇಳತೊಡಗಿದರು. ಭಟ್ಟರಿಗೆ ಹಿಗ್ಗೋ ಹಿಗ್ಗು. "ಮುಂಚೆ ಯಾರೂ ಇಷ್ಟು ಉಣ್ತಿದ್ವಿಲ್ಲೆ," ಎಂದು ದೊಡ್ಡ ಚರಿಗೆಯಲ್ಲಿ ಅನ್ನ ಮಾಡತೊಡಗಿದರು. ದೀಪಾವಳಿಯ ಹೊತ್ತಿಗೆ ಏಳು ಎಲೆ ಐದಾಯಿತು. ಸಂಕ್ರಾಂತಿಗೆ ಮೂರು. ಜನಕ್ಕೆ ಬೇಸರ ಬಂದಿರಬೇಕೆಂದು ಭಟ್ಟರು ಒಂಬತ್ತು ಬಗೆಯನ್ನು ಹನ್ನೊಂದು ಮಾಡಿದರು. ಹೊಸ ಎರಡಕ್ಕೂ ಉಪ್ಪು ಅದೇ ಅಳತೆಯಲ್ಲಿ ಬಿತ್ತು.

ಒಂದು ಆದಿತ್ಯವಾರ ನಾವು ಇಬ್ಬರೇ, ನಾನು ಮತ್ತು ಗಫೂರ್ ಸಾಹೇಬರು. ಹೊರಗೆ ಕೈ ತೊಳೆಯುವಾಗ ಸಾಹೇಬರು ಹೇಳಿದರು, "ಅಕ್ಕೋರೇ, ನನಗೆ ಈಗ ಬಿ.ಪಿ.ನೂ ಬಂದದೆ. ಡಾಕ್ಟ್ರು ಉಪ್ಪು ಎಲ್ಲಿ ತಿಂತೀರಿ ಕೇಳ್ತಾರೆ. ಭಟ್ರ ಹೆಸರು ಹೇಳ್ಲಿಕ್ಕೆ ಮನಸ್ಸು ಬರಲಿಲ್ಲ. ನೀವು ಒಂದ್ ಮಾತು ಹೇಳ್ರಿ. ನಿಮ್ಮನ್ನೇ ಅಲ್ವಾ ಅವ್ರು ಕೇಳೋದು."

"ಹೇಳ್ತೇನೆ," ಎಂದೆ. ಮುಂದಿನ ವಾರ ಸಾರು ಬಂತು, ಭಟ್ಟರು ಕೇಳಿದರು. ನಾನು, "ಹದಾ..." ಎನ್ನುವಷ್ಟರಲ್ಲಿ ಸಾಹೇಬರು ಎಲೆಯ ಮೇಲೆ ಕೈ ಅಡ್ಡ ಹಿಡಿದರು.

"ಭಟ್ರೇ, ನನಗೆ ಬೇಡ. ಉಪ್ಪು ಜಾಸ್ತಿ ಅದೆ. ಇವತ್ತಿಂದಲ್ಲ."

ಭಟ್ಟರು ಸಾಹೇಬರ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದರು.

"ಹೌದನೇ?"

"ಸ್ವಲ್ಪ," ಎಂದೆ.

"ಯಾವಾಗಿಂದ?"

"ನೀವು ಜ್ವರದಿಂದ ಎದ್ದ ದಿನದಿಂದ."

ಅವರು ಸೌಟನ್ನು ಪಾತ್ರೆಯೊಳಗೆ ಇಟ್ಟರು. "ಏಳು ತಿಂಗಳು ಆನು ನಿನ್ನ ನಾಲಿಗೆ ಮೇಲೆ ಅಡಿಗೆ ಮಾಡಿದ್ದಲೇ, ತಂಗಿ," ಎಂದರು. ಸಿಟ್ಟಿನಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಲೆಕ್ಕ ತಪ್ಪಿದ ಮಗುವಿಗೆ ಎಲ್ಲಿ ತಪ್ಪಿತೆಂದು ನಾನು ತೋರಿಸುತ್ತೇನಲ್ಲ, ಅಂಥ ದನಿಯಲ್ಲಿ ಹೇಳಿದರು.

ಒಳಗಿನಿಂದ ಅವರ ಹೆಂಡತಿ ಭಾಗೀರತಕ್ಕ ಬಂದು ಬಾಗಿಲಲ್ಲಿ ನಿಂತಿದ್ದರು. ಭಟ್ಟರು ಅವರನ್ನೂ ಕೇಳಿದರು, "ನೀನೂ ದಿನಾ ಉಣ್ತೆ. ನಿಂಗೂ ಗೊತ್ತಾಯಿದಿಲ್ಯ?"

"ಗೊತ್ತಾಜು."

"ಮತ್ತೆ ಎಂತಕ್ಕೆ ಹೇಳಿದ್ದಿಲ್ಲೆ?"

"ನಲವತ್ತು ವರ್ಷದಲ್ಲಿ ಒಂದ್ ದಿನ ಎನ್ನ ಕೇಳಿದ್ದಿದ್ದ?" ಎಂದರು ಭಾಗೀರತಕ್ಕ. "ಕೇಳಕ್ಕೆ ಅಕ್ಕೋರು ಇದ್ದಿದ್ವಲಿ."

ಭಟ್ಟರು ಸಾರಿಗೆ ಬಿಸಿನೀರು ಹೊಯ್ದು ತಂದು ಬಡಿಸಿದರು. ಉಳಿದ ಬಗೆಗಳೂ ಕ್ರಮ ತಪ್ಪದೆ ಬಂದವು. ಒಂದೊಂದಕ್ಕೂ ನನ್ನನ್ನು ಕೇಳಿದರು, ನಾನು ಒಂದೊಂದಕ್ಕೂ ನಿಜ ಹೇಳಿದೆ, ಅವರು ಒಳಗೆ ಹೋಗಿ ಸರಿ ಮಾಡಿ ತಂದರು. ಊಟ ಮುಗಿಯುವಾಗ ಮೂರು ಗಂಟೆ. ಏಳು ತಿಂಗಳಲ್ಲಿ ಹದವಾಗಿ ಉಂಡದ್ದು ಅದೊಂದೇ ಊಟ. ಕೊನೆಯದೂ ಅದೇ.

"ಮುಂದಿನ ವಾರದಿಂದ ಇಲ್ಲೆ," ಎಂದರು ಭಟ್ಟರು, ಮಜ್ಜಿಗೆ ಬಡಿಸುತ್ತ.

ಸಾಹೇಬರು ಗಾಬರಿಯಾದರು. "ಯಾಕೆ ಭಟ್ರೇ? ಈಗ ಸರಿ ಆಯ್ತಲ್ಲ. ಅಕ್ಕೋರಿದ್ದಾರೆ, ಭಾಗೀರತಮ್ಮ ಇದ್ದಾರೆ."

"ಹೋದವರನ್ನ ಹೇಂಗೆ ಕರೆಯದು? ಉಪ್ಪು ಸರಿ ಆತು, ಬನ್ನಿ ಹೇಳಿ ಬೋರ್ಡು ಹಾಕಲಾಗ್ತ?" ಎಂದರು. ಆಮೇಲೆ ನನ್ನ ಎಲೆಯ ಮುಂದೆ ನಿಂತು, "ಮತ್ತೆ, ಈ ಕೂಸಿನ ಹತ್ರ ವಾರಾ ವಾರಾ ನಿಜ ಹೇಳ್ಸದು ಸಾವಿರ ಎಲೆ ಅಡಿಗೆಗಿಂತ ಕಷ್ಟ," ಎಂದರು.

ಸಾಹೇಬರು ನಕ್ಕರು. ನಾನೂ ನಗಬೇಕೆಂದುಕೊಂಡೆ.

ಆ ಬೇಸಿಗೆಯಲ್ಲಿ ಅವರು ಸಿದ್ದಾಪುರದ ಕಡೆ, ತಮ್ಮನ ಮನೆಗೆ ಹೋದರು. ಮರುವರ್ಷ ನನಗೆ ದಾಂಡೇಲಿಗೆ ವರ್ಗವಾಯಿತು. ಹೋಗಿ ಮಾತಾಡಿಸಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಏನು ಹೇಳುವುದೆಂದು ಹೊಳೆಯದೆ ಇಪ್ಪತ್ತು ವರ್ಷ ಕಳೆಯಿತು.

ಹೋದ ವಾರದ ಉಪನಯನದಲ್ಲಿ ಮಂಡಿನೋವಿನವರಿಗೆಂದು ಒಂದು ಸಾಲು ಟೇಬಲ್ಲು ಹಾಕಿದ್ದರು. ನನಗೂ ಈಗ ಆ ಸಾಲೇ. ಕೂತು ಪಕ್ಕಕ್ಕೆ ನೋಡಿದರೆ ಶಿವರಾಮ ಭಟ್ಟರು. ಎದುರಿಗೆ ಭಾಗೀರತಕ್ಕ. ಭಟ್ಟರು ತೀರ ಸಣ್ಣಗಾಗಿದ್ದರು. ಗುರುತು ಹಿಡಿದು, "ದಾಂಡೇಲಿಲಿ ಮಳೆ ಹೇಂಗೆ?" ಎಂದು ಕೇಳಿದರು. ಮಳೆಯ ವಿಷಯ ಹೇಳಿದೆ. ನಾಲಿಗೆಯ ವಿಷಯ ನಾನು ಕೇಳಲಿಲ್ಲ. ಅವರ ಕೈ ಅನ್ನದ ಮೇಲೆ ಸುಮ್ಮನೆ ಇದ್ದದ್ದು ನೋಡಿ ರುಚಿ ಇನ್ನೂ ಮರಳಿಲ್ಲವೆಂದು ತಿಳಿಯಿತು.

ಸಾರು ಬಂತು. ಅವರು ಕಲಸಲಿಲ್ಲ, ಕಾದರು. ನಾನು ಉಂಡು ನೋಡಿದೆ. ಚೆನ್ನಾಗಿತ್ತು. ಹೇಳಲಿಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ಮಾತು.

"ಹದಾ ಇದ್ದು."

ಭಟ್ಟರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದುರಿಗೆ ಕೂತ ಭಾಗೀರತಕ್ಕನ ಕಡೆ ನೋಡಿದರು. ಅವರು ತಲೆಯಾಡಿಸಿದ ಮೇಲೆ ಅನ್ನ ಕಲಸಿದರು. ನನಗೆ ಬೇಜಾರಾಗಲಿಲ್ಲ, ಇನ್ನೊಂದು ಸಾಕ್ಷಿ ಕೇಳುವುದು ನ್ಯಾಯವೇ.

ಹುಳಿ ಬಂತು. ನಾನು ಒಂದು ತುತ್ತು ಉಂಡೆ. ಉಪನಯನದ ಮನೆಯ ಯಜಮಾನರು ನಮ್ಮ ಸಾಲಿನಲ್ಲೇ ಉಪಚಾರ ಹೇಳುತ್ತ ಬರುತ್ತಿದ್ದರು. ಬಡಿಸುವವರು ಎರಡೇ ಹೆಜ್ಜೆ ದೂರದಲ್ಲಿದ್ದರು.

"ಉಪ್ಪು ಜಾಸ್ತಿ ಆಜು," ಎಂದೆ, ಯಜಮಾನರಿಗೂ ಬಡಿಸುವವರಿಗೂ ಕೇಳುವ ಹಾಗೆ.

ಭಟ್ಟರು ಹುಳಿಯನ್ನು ಎಲೆಯ ಬದಿಗೆ ಸರಿಸಿದರು. ಭಾಗೀರತಕ್ಕನ ಕಡೆ ನೋಡಲಿಲ್ಲ.