ಒಪ್ಪಲ್ಲ ಅನ್ನೋದಕ್ಕೆ ಇಂಗ್ಲಿಷ್

ಮಗಳ ಶಾಲೆಯಿಂದ ಬಂದ, ಇಂಗ್ಲಿಷ್ ಕಲಿಸುವ ಕಾರ್ಡಿನಲ್ಲಿ ‘ಐ ಡಿಸಗ್ರೀ’ ಎಂದಿತ್ತು. ಅದನ್ನು ಓದಿದಾಗಿನಿಂದ ನನಗೆ ನಿದ್ದೆ ಹತ್ತುತ್ತಿಲ್ಲ.

ನಾನು ಚಿಕ್ಕವಳಿದ್ದಾಗ ಪೀಣ್ಯದ ವಠಾರದಲ್ಲಿ ನಮ್ಮದು ತೆಳು ಗೋಡೆಯ ಮನೆ. ಪಕ್ಕದವರಿಗೆ ತಿಳಿಯಬಾರದೆಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದ ಅಪ್ಪ ಇಂಗ್ಲಿಷಿನಲ್ಲೇ ಜಗಳವಾಡುತ್ತಿದ್ದ. ಅದನ್ನು ಅಮ್ಮನಿಗೆ ನಾನು ಪಿಸುದನಿಯಲ್ಲಿ ಕನ್ನಡ ಮಾಡಿ ಹೇಳಬೇಕಿತ್ತು.

ಒಂದು ಸಂಜೆ ಅಪ್ಪ, ಅಮ್ಮ ನಾಳೆಯಿಂದ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಕೂಡದೆಂದ. ಮೆಷಿನ್ ಎಣ್ಣೆ ವಾಸನೆಯ ಕೈಯಿಂದ ಅಮ್ಮ ನನ್ನ ಭುಜ ಹಿಡಿದಳು.

“ಪುಟ್ಟಿ, ನಾನು ಒಪ್ಪಲ್ಲ ಅನ್ನೋಕೆ ಇಂಗ್ಲಿಷಲ್ಲಿ ಏನಂತಾರೆ?”

ನನಗೆ ಗೊತ್ತಿತ್ತು. ಅಪ್ಪ ನನ್ನನ್ನೇ ನೋಡುತ್ತಿದ್ದ.

“ಐ ಅಗ್ರೀ,” ಎಂದೆ.

ಅಮ್ಮ ತಲೆಯೆತ್ತಿ ಗಟ್ಟಿಯಾಗಿ ಅದನ್ನೇ ಹೇಳಿದಳು.

ಅಪ್ಪ ನಕ್ಕ. “ನೀನೇ ಒಪ್ಕೊಂಡ್ಯಲ್ಲ. ಹೋಗಿ ಅನ್ನಕ್ಕಿಡು.”

ಮರುದಿನದಿಂದ ಅಮ್ಮ ಕೆಲಸಕ್ಕೆ ಹೋಗಲಿಲ್ಲ.

ಈಗ ನಾನು ಆಫೀಸಿಗೆ ಹೋದಾಗ ನನ್ನ ಮಗಳನ್ನು ನೋಡಿಕೊಳ್ಳುವವಳು ಅಮ್ಮನೇ. ನೋಡ್ಕೋತೀಯಾ ಎಂದು ನಾನೂ ಕೇಳಲಿಲ್ಲ.